ಸೋತರೂ ಪಾಸು

ಆ ಕಾಗದ ನೋಡಿದ ಕೂಡಲೇ ನನಗೆ ಮೈ ಉರಿಯಿತು. 'ನನ್ನ ನಿರ್ಲಕ್ಷ್ಯದಿಂದ ದವಾಖಾನೆಯ ದಾಖಲೆಗಳು ಹೋದವು, ಕೆಲಸ ಬಿಡುತ್ತಿದ್ದೇನೆ' ಎಂದು ಬರೆದು, ಪ್ಲೊವ್‌ದಿವ್‌ನ ನಮ್ಮ ಕಚೇರಿಯ ಯಜಮಾನ ಆಸ್ಪರುಹ್ ಅದನ್ನು ನನ್ನ ಸಹೋದ್ಯೋಗಿ ಸ್ತಾನ್ಕಾಳ ಮುಂದೆ ತಳ್ಳಿದ್ದ. ಅವಳ ಸಹಿಯೊಂದೇ ಬಾಕಿ.

ಸಣ್ಣ ದವಾಖಾನೆಗಳ ದಾಖಲೆಗಳಿಗೆ ಬ್ಯಾಕಪ್ ತೆಗೆದಿಡುವುದು ನಮ್ಮ ಕೆಲಸ. ಅದಕ್ಕೊಂದು ಶೆಲ್ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ ಇದೆ. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಟೆಸ್ಟುಗಳನ್ನೆಲ್ಲ ಬರೆದವಳು ಐವತ್ತೆಂಟರ ಸ್ತಾನ್ಕಾ. ಫೈಲಿನ ಹೆಸರಿನ ನಡುವೆ ಖಾಲಿ ಜಾಗ ಬಂದರೆ ಏನಾಗುತ್ತದೆ ಎಂಬುದನ್ನೂ ಬಿಡದೆ ಪರೀಕ್ಷಿಸುವ ಹೆಂಗಸು. ಹೋದ ವಾರ ಒಂದು ದವಾಖಾನೆಯ ಕಂಪ್ಯೂಟರ್ ಕೆಟ್ಟಿತು. ಬ್ಯಾಕಪ್ ತೆರೆದರೆ ಅಂಥ ಹೆಸರಿನ ಫೈಲುಗಳು ಒಂದೂ ಇಲ್ಲ. ನಮ್ಮ ಸರ್ವರ್‌ನಲ್ಲಿ ಮಾತ್ರ ಎಲ್ಲ ಟೆಸ್ಟೂ ಹಸಿರು, ಎಲ್ಲವೂ ಪಾಸು!

"ನನ್ನ ಕಂಪ್ಯೂಟರಲ್ಲಿ ಓಡಿಸಿದ್ರೆ ಫೇಲ್ ಆಗುತ್ತೆ ಅಂತ ಎರಡು ಸಲ ಹೇಳಿದ್ದೆ," ಎಂದಳು ಸ್ತಾನ್ಕಾ.

"ಸರ್ವರ್ ಸುಳ್ಳು ಹೇಳುತ್ತೇನ್ರೀ? ಮೊದಲು ಕನ್ನಡಕ ಬದಲಾಯಿಸಿ," ಎಂದು ಆಸ್ಪರುಹ್ ನಕ್ಕ.

ಆ ನಗು ತಡೆಯಲಾಗದೆ, ಸರ್ವರ್‌ನಲ್ಲಿ ಟೆಸ್ಟ್ ಓಡಿಸುವ ಫೈಲನ್ನು ತೆರೆದೆ. ಸಾಲಿನ ಕೊನೆಯಲ್ಲಿ ಎರಡು ನೆಟ್ಟನೆ ಗೀಟು, ಪಕ್ಕದಲ್ಲಿ 'ಟ್ರೂ'. ಟೆಸ್ಟ್ ಸೋತರೂ ಗೆದ್ದಿದೆ ಎಂದೇ ಹೇಳು ಎಂಬ ಅಪ್ಪಣೆ ಅದು. ಯಾರು ಯಾವಾಗ ಸೇರಿಸಿದರೆಂಬ ದಾಖಲೆಯೂ ಅಲ್ಲೇ ಇತ್ತು. ಆಸ್ಪರುಹ್, ಮಾರ್ಚ್ ಒಂಬತ್ತು. ಮರುದಿನವೇ ಅವನು 'ನೂರು ದಿನ ಸತತ ಹಸಿರು' ಎಂದು ಕಚೇರಿಗೆಲ್ಲ ಚೀಸ್ ತುಂಬಿದ ಬನಿತ್ಸಾ ತಿಂಡಿ ಹಂಚಿದ್ದ. ನಾನೂ ಎರಡು ತುಂಡು ತಿಂದಿದ್ದೆ.

"ಇದು ನೀವು ಹಾಕಿದ್ದಲ್ವಾ?" ಎಂದು ಎಲ್ಲರಿಗೂ ಕೇಳುವಂತೆ ಕಿರುಚಿದೆ.

"ಒಂದು ದಿನಕ್ಕೆ ಅಂತ ಹಾಕಿದ್ದೆ ಬೋರಿಲ್, ತೆಗೆಯೋಕೆ ಮರ್ತೋಯ್ತು. ಅದೇನ್ ಮಹಾ?"

ಎಷ್ಟು ನಾಚಿಕೆಗೆಟ್ಟ ಮನುಷ್ಯ! ಆ ತುಣುಕನ್ನು ಅಳಿಸಿ ಟೆಸ್ಟ್ ಓಡಿಸಿದೆ. ಹತ್ತೊಂಬತ್ತು ಕೆಂಪು.

"ಲೇ, ವಾಪಸ್ ಹಾಕೋ! ಮೂರು ಗಂಟೆಗೆ ಗಿರಾಕಿಗಳು ಬರ್ತಾರೆ!"

ಹಾಕಲಿಲ್ಲ. ಆ ಸಾಲನ್ನು, ಅವನ ಹೆಸರು ಮತ್ತು ತಾರೀಖಿನ ಸಮೇತ, ಎಲ್ಲ ದವಾಖಾನೆಗಳಿಗೂ ಕಳಿಸಿಬಿಟ್ಟೆ. ಸ್ತಾನ್ಕಾ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದಳು. ಈಗ ನನಗೊಂದು ಮೆಚ್ಚುಗೆಯ ಮಾತು ಸಿಗುತ್ತದೆ ಎಂದುಕೊಂಡು ಅವಳ ಕಡೆ ತಿರುಗಿದೆ.

"ಎರಡು ಸಲ ಹೇಳಿದಾಗ್ಲೂ ನೀನು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ," ಎಂದಳು. "ಆವಾಗ ಈ ಫೈಲ್ ತೆರೆದು ನೋಡೋಕೆ ಏನಾಗಿತ್ತಪ್ಪಾ ನಿಂಗೆ?"