ಮನೆ ನಾಯಿ ಕಚ್ಚಿದರೂ ಸೂಜಿ ಬೇಕೆ?

ನಮ್ಮ ಹಟ್ಟಿಗಳಲ್ಲಿ ನಾಯಿ ಕಚ್ಚಿದರೆ ಜನ ಮೊದಲು ಹುಡುಕುವುದು ಆಸ್ಪತ್ರೆಯನ್ನಲ್ಲ, ಎಲೆಅಡಿಕೆ ಚೀಲವನ್ನು. ಅದರೊಳಗಿನ ಸುಣ್ಣ ತೆಗೆದು ಗಾಯಕ್ಕೆ ಮೆತ್ತಿ, ಮೇಲೊಂದು ಬಟ್ಟೆ ಸುತ್ತಿ, ಆಯ್ತು ಬಿಡು ಅಂದುಬಿಡುತ್ತಾರೆ. ಕಚ್ಚಿದ್ದು ಮನೆಯ ನಾಯಿಯಾದರೆ ಅದನ್ನು ಬೈಯುವುದೂ ಇಲ್ಲ.

ಜಾಲಿಹಟ್ಟಿಯ ಪಾಲಯ್ಯನೂ ಹಾಗೇ ಮಾಡಿದ. ಜಾಲಿಹಟ್ಟಿ ಇರುವುದು ಹಿರಿಯೂರು ತಾಲ್ಲೂಕಿನಲ್ಲಿ, ಆದಿವಾಲದ ರಸ್ತೆ ಬಿಟ್ಟು ಬಡಗಲಿಗೆ ಬಹಳ ಒಳಗೆ. ಬಸ್ಸು ಹೋಗುವುದಿಲ್ಲ. ಪಾಲಯ್ಯನ ಕುರಿಮಂದೆ ಕಾಯಲು ಮೂರು ನಾಯಿಗಳಿದ್ದವು. ಅವುಗಳಲ್ಲಿ ಕೆಂಚ ಎಂದರೆ ಅವನಿಗೆ ಪ್ರಾಣ. ಆ ಕೆಂಚ ಯಾಕೋ ಮಂಕಾಗಿತ್ತು, ಮುದ್ದೆ ಮೂಸುತ್ತಿರಲಿಲ್ಲ. ಸರಪಳಿ ಹಾಕಿ ಕಟ್ಟಿದ್ದ. ಒಂದು ಬೆಳಿಗ್ಗೆ ಅಂಬಲಿ ಇಡಲು ಬಗ್ಗಿದಾಗ ಅದು ಪಾಲಯ್ಯನ ಮುಂಗೈಗೆ ಬಾಯಿ ಹಾಕಿತು. ರಕ್ತ ಬಂತು.

ಹೆಂಡತಿ ಹೊನ್ನಕ್ಕ ಕೇಳಿದ್ದಕ್ಕೆ, "ಜಾಲಿ ಮುಳ್ಳು ತರಚಿತು" ಅಂದ. ಯಾವ ಜಾಲಿ ಮುಳ್ಳಿಗೂ ಕೋರೆಹಲ್ಲು ಇರುವುದಿಲ್ಲ ಎಂದು ಹೊನ್ನಕ್ಕನಿಗೆ ಗೊತ್ತಿತ್ತು. ಆಕೆ ವಾದಕ್ಕೆ ನಿಲ್ಲಲಿಲ್ಲ. ಸುಮ್ಮನೆ ಹಿತ್ತಲಿಗೆ ಹೋಗಿ ಜಯಶೀಲಾ ಅವರಿಗೆ ಫೋನ್ ಮಾಡಿದಳು.

ಜಯಶೀಲಾ ಆ ಭಾಗದಲ್ಲಿ ಬಹಳ ಕಾಲ ನರ್ಸ್ ಆಗಿದ್ದವರು. ನಿವೃತ್ತಿಯಾದ ಮೇಲೆ ಜನವೇ ಹಿಡಿದು ಎಲೆಕ್ಷನ್ನಿಗೆ ನಿಲ್ಲಿಸಿದರು. ಈಗ ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಬಡಗಲ ಹಟ್ಟಿಗಳ ಆರೋಗ್ಯದ ವಿಚಾರ ಬಾರದೆ ಅವರು ಒಂದು ಸಭೆಯನ್ನೂ ಮುಗಿಸಗೊಡುವುದಿಲ್ಲ. ಕೆಲವು ಸದಸ್ಯರಿಗೆ ಇದರಿಂದ ಬೇಸರ. ಪಡಲಿ ಬಿಡಿ. ಹಟ್ಟಿಯವರ ಬಾಯಲ್ಲಿ ಮಾತ್ರ ಅವರು ಇನ್ನೂ ನರ್ಸಮ್ಮನೇ. ಅವರನ್ನು ಕಂಡರೆ ಚಿಕ್ಕ ಮಕ್ಕಳು ಇವತ್ತಿಗೂ ತೋಳು ಮುಚ್ಚಿಕೊಂಡು ಓಡುತ್ತವೆ.

ಆಟೋ ಹಿಡಿದು ಬಂದವರೇ ಪಾಲಯ್ಯನ ಎದುರು ಕುಳಿತರು.

"ಎಲ್ಲಿ ಅಣ್ಣ, ಕೈ ತೋರಿಸ್ರಿ."

"ಏನೂ ಆಗಿಲ್ಲ ನರ್ಸಮ್ಮ. ನಮ್ಮ ಕೆಂಚ. ನಮ್ಮನೆ ಮುದ್ದೆ ತಿಂದು ಬೆಳೆದಿದ್ದು. ಅದ್ರ ಹಲ್ಲಾಗೆ ಎಲ್ಲಿಂದ ಬರ್ತೈತೆ ವಿಷ?"

"ಕೆಂಚ ರಾತ್ರಿ ಯಾವ ನಾಯಿ ಜತೆ ಕಚ್ಚಾಡ್ತು ಅಂತ ನಿಮಗೆ ಬಂದು ಹೇಳ್ತೈತಾ? ಹುಚ್ಚು ನಾಯಿ ಇದನ್ನ ಕಚ್ಚಿದ್ರೆ ಇದಕ್ಕೂ ಆ ರೋಗ ಬರ್ತೈತೆ. ಇದು ಕಚ್ಚಿದ್ರೆ ನಿಮಗೂ ಬರ್ತೈತೆ. ಮನೆ ನಾಯಿ, ಬೀದಿ ನಾಯಿ ಅಂತ ರೋಗ ನೋಡಲ್ಲ. ಇದಕ್ಕೆ ಸೂಜಿ ಹಾಕಿಸಿದ್ರಾ?"

ಪಾಲಯ್ಯ ಆಕಾಶ ನೋಡಿದ. ಉತ್ತರ ಹೊನ್ನಕ್ಕನಿಂದ ಬಂತು.

"ಎಲ್ಲಿ ಹಾಕ್ಸಿದ! ಹೋದ ಸಾರಿ ಪಂಚಾಯ್ತಿಯವ್ರು ನಾಯಿಗೆ ಸೂಜಿ ಹಾಕಾಕೆ ಬಂದಾಗ ಈ ವಯ್ಯ ಮೂರನ್ನೂ ಹಳ್ಳದಾಗೆ ಬಚ್ಚಿಟ್ಟಿದ್ದ. ಹಿಡ್ಕಂಡು ಹೋಗ್ತಾರಂತೆ!"

"ಅದನ್ನ ಆಮೇಲೆ ವಿಚಾರಿಸ್ಕಂತೀನಿ. ಮೊದ್ಲು ಈ ಸುಣ್ಣ ಹೋಗ್ಲಿ. ಹೊನ್ನಕ್ಕ, ಸೋಪು ತಗಂಡು ಬಾ."

ಪಾಲಯ್ಯ ಕೈ ಹಿಂದಕ್ಕೆ ಎಳೆದುಕೊಂಡ. "ಅಯ್ಯೋ, ನಾಯಿ ಕಚ್ಚಿದ್ದಕ್ಕೆ ನೀರು ಸೋಕಿಸಬಾರ್ದು! ವಿಷ ಏರ್ತೈತೆ!"

"ಏರಲ್ಲ. ಸೋಪಿಗೆ ಆ ರೋಗದ ಹುಳ ಸಾಯ್ತವೆ. ಸುಣ್ಣ, ಖಾರದಪುಡಿ, ಸೊಪ್ಪಿನ ರಸ, ಯಾವುದ್ರಿಂದನೂ ಸಾಯಲ್ಲ. ಕೈ ನೀಡ್ರಿ."

ಹೊನ್ನಕ್ಕ ನೀರು ಸುರಿದಳು. ಪಾಲಯ್ಯ ಗೊಣಗುತ್ತಾ ತಾನೇ ಸೋಪು ಹಚ್ಚಿ ತೊಳೆದ. ಸಾಕು ಎಂದಾಗಲೆಲ್ಲ ಜಯಶೀಲಾ, "ಇನ್ನೂ ಸ್ವಲ್ಪ" ಅಂದರು. ಹೀಗೆ ಕಾಲು ಗಂಟೆ ನಡೆಯಿತು.

"ನಮ್ಮ ಕಂಬಳಿನೂ ಇಷ್ಟೊತ್ತು ಒಗೆಯಲ್ಲ ಇವಳು" ಎಂದು ಪಾಲಯ್ಯ ಹೆಂಡತಿಯ ಕಡೆ ಗುರುಗುಟ್ಟಿದ.

ಗಾಯಕ್ಕೆ ಬಟ್ಟೆ ಕಟ್ಟಲು ಜಯಶೀಲಾ ಬಿಡಲಿಲ್ಲ. "ಏಳ್ರಿ, ಹಿರಿಯೂರು ಆಸ್ಪತ್ರೆಗೆ ಹೋಗಾಣ. ಔಷಧ ಐತೆ ಅಂತ ಫೋನ್ ಮಾಡಿ ಕೇಳಿದ್ದೀನಿ."

ಪಾಲಯ್ಯ ಏಳಲಿಲ್ಲ. ಅಸಲು ಭಯ ಈಗ ಹೊರಬಂತು.

"ನಮ್ಮ ದೊಡ್ಡಪ್ಪಂಗೆ ಹೊಕ್ಕಳ ಸುತ್ತ ಹದಿನಾಕು ಚುಚ್ಚಿದ್ರು. ಹಟ್ಟಿಯೆಲ್ಲ ಕೇಳೋ ಹಂಗೆ ಅರಚ್ತಿದ್ದ. ನಾ ಹೊಟ್ಟೆ ಕೊಡಲ್ಲ."

"ಅದು ಹಳೇ ಕಾಲದ ಮಾತಣ್ಣ. ಈಗ ತೋಳಿಗೆ. ನಾಕೋ ಐದೋ ಸಾರಿ, ಡಾಕ್ಟ್ರು ಹೇಳಿದ ದಿನಕ್ಕೆ ಸರಿಯಾಗಿ. ರಕ್ತ ಬಂದೈತಲ್ಲ, ಅದಕ್ಕೆ ಗಾಯದ ಸುತ್ತನೂ ಒಂದು ಔಷಧ ಚುಚ್ತಾರೆ. ಅದು ನೋಯ್ತೈತೆ, ಸುಳ್ಳು ಹೇಳಲ್ಲ. ಸರ್ಕಾರಿ ಆಸ್ಪತ್ರೆಯಾಗೆ ಇದ್ಕೆಲ್ಲ ಕಾಸು ಕೊಡಂಗಿಲ್ಲ."

ಪಾಲಯ್ಯ ಅಂಗಿ ತೋಳು ಮಡಚಿ ಮುಂದೆ ಚಾಚಿದ. "ಹಂಗಾರೆ ನೀನೇ ಚುಚ್ಚವ್ವ. ನಿನ್ನ ಕೈಗುಣ ನಂಗೊತ್ತು. ನಮ್ಮ ಮಕ್ಕಳಿಗೆಲ್ಲ ಚುಚ್ಚಿದ ಕೈ. ಬೇರೆ ಯಾರ ಕೈಯಿಂದನೂ ನಂಗೆ ಬೇಡ."

ಜಯಶೀಲಾ ಅವರಿಗೆ ಒಂದು ಕ್ಷಣ ಕೈ ತುರಿಸಿದ್ದು ನಿಜ. ಇಷ್ಟು ನಂಬಿಕೆಯ ಮಾತು ಯಾರಿಗೆ ಬೇಡ? ಆದರೂ ಅವರು ತಲೆ ಅಲ್ಲಾಡಿಸಿದರು.

"ನಾ ಚುಚ್ಚಲ್ಲ ಅಣ್ಣ. ನಾನೀಗ ಆಸ್ಪತ್ರೆ ನರ್ಸಲ್ಲ. ಸೂಜಿ ಎಲ್ರಿಗೂ ಸಿಗೋ ಹಂಗೆ ನೋಡ್ಕಳ್ಳೋದು ನನ್ನ ಕೆಲ್ಸ. ಇವತ್ತು ನಿಮಗೆ ನಾ ಚುಚ್ಚಿದ್ರೆ ನಾಳೆ ಇಡೀ ಹಟ್ಟಿ ನನಗೋಸ್ಕರ ಕಾಯ್ತೈತೆ. ಆ ದಿನ ನಾನು ಚಿತ್ರದುರ್ಗದ ಮೀಟಿಂಗಾಗೆ ಕುಂತಿದ್ರೆ? ಮುಂದಿನ ಸಾರಿ ನಾ ಎಲೆಕ್ಷನ್ನಾಗೆ ಸೋತ್ರೆ? ಕೈಗುಣ ನಂದಲ್ಲ, ಔಷಧದ್ದು."

"ಹಂಗಾರೆ ನಂಗೆ ಬೇಡ ಬಿಡು."

ಆಗ ಜಯಶೀಲಾ ದನಿ ತಗ್ಗಿಸಿದರು. "ಕೇಳ್ರಿ ಅಣ್ಣ. ಈ ರೋಗ ಒಂದು ಸಾರಿ ಕಾಣಿಸ್ಕಂಡ್ರೆ ಯಾವ ದೊಡ್ಡ ಆಸ್ಪತ್ರೆಯಾಗೂ ಉಳಿಸಾಕಾಗಲ್ಲ. ನಾನು ನರ್ಸಾಗಿದ್ದಾಗ ಒಬ್ರನ್ನ ಕಣ್ಣಾರೆ ನೋಡಿದ್ದೀನಿ. ಬಾಯಾರಿ ಒದ್ದಾಡ್ತಿದ್ರು, ನೀರು ಕುಡಿಯಾಕಾಗ್ತಿರ್ಲಿಲ್ಲ. ಹೆಂಡ್ತಿ ಲೋಟ ಹಿಡ್ಕಂಡು ಪಕ್ಕದಾಗೇ ನಿಂತಿದ್ಲು. ಆವಾಗ ನಮ್ಮ ಕೈಯಾಗೆ ಮಾಡಾಕೆ ಏನೂ ಇರ್ಲಿಲ್ಲ. ಇವತ್ತು ಐತೆ."

ಹೊನ್ನಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮದುವೆಯಾದ ಮೇಲೆ ಆಕೆ ಗಂಡನ ಮುಂದೆ ಅತ್ತದ್ದು ಕಡಿಮೆ. ಪಾಲಯ್ಯ ಆಕೆಯನ್ನೇ ನೋಡಿದ, ಆಮೇಲೆ ಎದ್ದು ಟವೆಲ್ಲು ಹೆಗಲಿಗೆ ಹಾಕಿದ.

"ನಡಿಯವ್ವ. ಎಲ್ಲೈತೆ ಆಟೋ?"

ಆಸ್ಪತ್ರೆಯಲ್ಲಿ ಅನುಸೂಯ ಎಂಬ ನರ್ಸ್ ಇದ್ದರು. ಅವರು ಸೂಜಿ ಹಿಡಿದು ಬರುತ್ತಿದ್ದಂತೆ ಪಾಲಯ್ಯ ಕಣ್ಣು ಮುಚ್ಚಿ, ಅಂಗಿ ಮೇಲೆತ್ತಿ, ಹೊಟ್ಟೆ ಮುಂದೆ ಮಾಡಿ ನಿಂತ. ಅನುಸೂಯ ನಕ್ಕುಬಿಟ್ಟರು.

"ತೋಳು ಕೊಡ್ರಿ ಯಜಮಾನ್ರೇ. ಹೊಟ್ಟೆನ ಊಟಕ್ಕೆ ಇಟ್ಕಳ್ರಿ."

ಗಾಯದ ಸುತ್ತ ಚುಚ್ಚಿದ್ದು ನೋವಾಯಿತು, ತೋಳಿನದು ಗೊತ್ತೇ ಆಗಲಿಲ್ಲ. ಹಟ್ಟಿಗೆ ಬಂದು ಎಲ್ಲರಿಗೂ ತೋಳು ತೋರಿಸಿದ. ಎರಡನೆಯದನ್ನು ಕೈಗುಣದ ಮಾತೆತ್ತದೆ ಹಾಕಿಸಿಕೊಂಡ. ಆದರೆ ಅಷ್ಟಕ್ಕೇ ಅವನಿಗೆ ಧೈರ್ಯ ಹೆಚ್ಚಾಯಿತು. "ಎರಡಾಯ್ತಲ್ಲ, ಸಾಕು. ಮಂದೆ ಹೊರಡೋ ಹೊತ್ತು" ಅನ್ನತೊಡಗಿದ.

ಹಾಗಂದ ಮಾರನೇ ದಿನವೇ ಕೆಂಚನ ದವಡೆ ಜೋತುಬಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಗಂಟಲಿನಿಂದ ಏನೋ ಒಡಕು ದನಿ. ಜಯಶೀಲಾ ಮೊದಲೇ ಎಚ್ಚರಿಸಿದ್ದರಿಂದ ಯಾರೂ ಹತ್ತಿರ ಹೋಗಲಿಲ್ಲ. ಸಂಜೆಗೆ ಅದು ಸತ್ತಿತು. ಪಶು ಆಸ್ಪತ್ರೆಯವರು ಬಂದು ನೋಡಿ, "ಹುಚ್ಚು ಹಿಡಿದೇ ಸತ್ತೈತೆ" ಅಂದರು. ಆಳವಾಗಿ ಹೂಳಿಸಿದರು, ಮಂದೆಯನ್ನೂ ಪರೀಕ್ಷಿಸಿದರು. ಸುಣ್ಣ ನಂಬಿ ಕೂತಿದ್ದರೆ ತನ್ನ ಗತಿ ಏನಾಗುತ್ತಿತ್ತು ಎಂಬುದು ಪಾಲಯ್ಯನಿಗೆ ಯಾರೂ ಹೇಳದೆ ಅರ್ಥವಾಯಿತು. ಹಿಂದಿನ ದಿನಗಳಲ್ಲಿ ಬಿರುಕುಬಿಟ್ಟ ಬರಿಗೈಯಲ್ಲಿ ಕೆಂಚನ ತಟ್ಟೆ ತೊಳೆದಿದ್ದ ಹೊನ್ನಕ್ಕನನ್ನೂ ಮಾರನೇ ಬೆಳಿಗ್ಗೆ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋದ. ನಾಯಿ ಜೊಲ್ಲು ಗಾಯಕ್ಕೆ ತಾಗಿದರೂ ಸೂಜಿ ಬೇಕು.

ಅದಾದ ಮೇಲೆ ಗಂಡ ಹೆಂಡತಿ ಇಬ್ಬರೂ ಮಂದೆ ಹೊಡೆದುಕೊಂಡು ಹೊಸದುರ್ಗದ ಕಡೆ ಹೊರಟರು. ಗೊಬ್ಬರಕ್ಕೆಂದು ರೈತರ ಹೊಲದಲ್ಲಿ ಕುರಿ ನಿಲ್ಲಿಸುವ ಕಾಲ, ತಪ್ಪಿಸುವಂತಿಲ್ಲ. ಇಬ್ಬರಿಗೂ ಸೂಜಿ ಇನ್ನೂ ಬಾಕಿ ಇತ್ತು. ಹಾಲುರಾಮೇಶ್ವರದ ಹತ್ತಿರ ಬೀಡು ಬಿಟ್ಟಾಗ ಪಾಲಯ್ಯ ಗಾಬರಿಯಿಂದ ಫೋನ್ ಮಾಡಿದ.

"ನರ್ಸಮ್ಮ, ಸೂಜಿ ದಿನ ಬಂತು. ಇಲ್ಲಿ ನಿನ್ನ ಅಧಿಕಾರ ನಡೆಯಲ್ಲ. ಕೊಡ್ತಾರಾ?"

"ಹೊಸದುರ್ಗದ ಸರ್ಕಾರಿ ಆಸ್ಪತ್ರೆಗೆ ಹೋಗಿ ಹಿರಿಯೂರಿನ ಚೀಟಿ ತೋರಿಸ್ರಿ. ಹೋಗಿ ಬಂದು ಹೇಳ್ರಿ."

ಅವತ್ತು ಮಧ್ಯಾಹ್ನ ಮತ್ತೆ ಫೋನ್ ಬಂತು. ಪಾಲಯ್ಯನ ದನಿಯಲ್ಲಿ ನಗು ಉಕ್ಕುತ್ತಿತ್ತು.

"ಇಬ್ರಿಗೂ ಹಾಕಿದ್ರು ಕಣವ್ವ! ಯಾರೋ ಚಿಕ್ಕ ಹುಡುಗಿ, ಗುರುತಿಲ್ಲ ಪರಿಚಯ ಇಲ್ಲ. ಯಾವೂರು ಅಂತ ಕೇಳಿ ಕುಂಡ್ರಿಸಿ ಚುಚ್ಚಿ ಕಳಿಸಿದ್ಲು. ನೀನು ತಪ್ಪು ತಿಳ್ಕಬ್ಯಾಡ, ನಿನ್ನ ಹೆಸ್ರು ಹೇಳೋದೇ ಮರ್ತೋಯ್ತು."

ಜಯಶೀಲಾ ಫೋನ್ ಕಿವಿಯಿಂದ ತೆಗೆದು ಕಣ್ಣು ಒರೆಸಿಕೊಂಡರು. ಪಾಲಯ್ಯ, "ಹಲೋ, ಹಲೋ" ಎಂದು ಕೂಗಿದ.

"ಇದ್ದೀನಣ್ಣ" ಅಂದರು ಕೊನೆಗೆ. "ನನ್ನ ಹೆಸ್ರು ಹೇಳ್ದೆ ನಿಮಗೆ ಸೂಜಿ ಸಿಗ್ಲಿ ಅಂತಾನೇ ನಾ ಎಲೆಕ್ಷನ್ನಿಗೆ ನಿಂತಿದ್ದು."

ಪಾಲಯ್ಯ, ಹೊನ್ನಕ್ಕ ಇಬ್ಬರೂ ಕೊನೆಯ ಸೂಜಿಯವರೆಗೆ ಹಾಕಿಸಿಕೊಂಡರು. ಇವತ್ತು ಇಬ್ಬರೂ ಗಟ್ಟಿಯಾಗಿದ್ದಾರೆ, ಜಗಳವನ್ನೂ ಗಟ್ಟಿಯಾಗೇ ಆಡುತ್ತಾರೆ. ಉಳಿದ ಎರಡು ನಾಯಿಗಳಿಗೂ ಸೂಜಿಯಾಗಿದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ನಾಯಿ ಇದ್ದೀತು. ಅದಕ್ಕೆ ಪ್ರತಿ ವರ್ಷ ಸೂಜಿ ಹಾಕಿಸಿ. ಅದು ಕಚ್ಚಲಿ, ಪರಚಲಿ, ಮರಿಯೇ ಆಗಿರಲಿ, ತಕ್ಷಣ ಸೋಪು ಹಚ್ಚಿ ಸುರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆಯಿರಿ. ನಾಯಿಗೆ ಏನಾಗುತ್ತದೋ ನೋಡೋಣ ಎಂದು ಕಾಯದೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಡಾಕ್ಟರು ಸಾಕು ಎನ್ನುವ ತನಕ ಒಂದು ಸೂಜಿಯನ್ನೂ ತಪ್ಪಿಸಬೇಡಿ. ಅಲ್ಲಿ ನಿಮಗೆ ಯಾರ ಪರಿಚಯವೂ ಬೇಕಿಲ್ಲ. ನಾಯಿ ಕಚ್ಚಿದೆ ಅನ್ನಿ, ಅಷ್ಟು ಸಾಕು.