ಎರಡನೇ ಗೇರು

ಬೆಲ್ಟು ಒತ್ತಲಿಲ್ಲ. ಶಂಕರಮ್ಮನಿಗೆ ಮೊದಲು ಗೊತ್ತಾದದ್ದು ಅಷ್ಟೇ.

ಶೋರೂಮಿನ ಹುಡುಗಿ ಪೂಜಿತಾ ಅವಳನ್ನು ಹೊಸ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಎಡಭುಜದ ಮೇಲಿಂದ ಬೆಲ್ಟು ಎಳೆದು ಸೊಂಟದ ಬಲಕ್ಕೆ ಟಕ್ಕೆಂದು ಸಿಕ್ಕಿಸಿದ್ದಳು. "ಎಷ್ಟು ಸಾಫ್ಟ್ ಇದೆ ನೋಡಿ ಅಮ್ಮಾ. ಇದನ್ನ ಹಾಕ್ಕೊಳ್ಳದೆ ಹೊರಟ್ರೆ ಗಾಡಿ ಸುಮ್ನಿರಲ್ಲ, ಟಿಂವ್ ಟಿಂವ್ ಅಂತ ಬಡ್ಕೊಳ್ತಾನೇ ಇರತ್ತೆ." ಶಂಕರಮ್ಮ ರೂಢಿಯಂತೆ ಹಲ್ಲು ಕಚ್ಚಿಕೊಂಡು ಕಾದಳು. ನೋವು ಬರಲಿಲ್ಲ. ಎದೆಯ ನಡುವಿನ ಆಪರೇಷನ್ ಗಾಯದ ಮೇಲೆ ಪಟ್ಟಿ ಹಗುರಾಗಿ ಬಿದ್ದುಕೊಂಡಿತ್ತು. ಹೊಸ ಗಾಡಿಯ ಬೆಲ್ಟೇ ಹೀಗಿರಬೇಕು ಅಂದುಕೊಂಡವಳು, ಮರುಕ್ಷಣ ಸೆರಗಿನೊಳಗೆ ಕೈ ಹಾಕಿ ತಡಕಿದಳು.

ಲಿಂಗದ ಕರಡಿಗೆ ಇರಲಿಲ್ಲ. ಅದನ್ನು ಕಟ್ಟಿದ ಶಿವದಾರವೂ ಕೊರಳಲ್ಲಿ ಇರಲಿಲ್ಲ.

ಗಾಜಿನ ಗೋಡೆಯಾಚೆ ಅವರ ಹಳೆಯ ಬಿಳಿ ಕಾರು ಗೇಟು ದಾಟಿ ಸಾಗರ ರಸ್ತೆಗೆ ತಿರುಗುತ್ತಿತ್ತು. ಹಳೇ ಗಾಡಿಗಳಿಗೆ ಬೆಲೆ ಕಟ್ಟುವ ಹುಡುಗ ಮಧು ಅದನ್ನು ಓಡಿಸಿಕೊಂಡು ಹೊರಟಿದ್ದ. ಅವಳು ನೋಡನೋಡುತ್ತಿದ್ದಂತೆ ಕಾರು ಒಂದು ಲಾರಿಯ ಮರೆಗೆ ಸೇರಿ ಕಾಣದಾಯಿತು.

"ಅಮ್ಮಾ, ಎಲ್ಲೋ ಗಡಿಯಾರದ ಸೌಂಡ್ ಬರ್ತಿದೆ ಅಲ್ವಾ? ನಿಮ್ಮ ವಾಚಾ?" ಪೂಜಿತಾ ಕತ್ತು ಓರೆ ಮಾಡಿ ಕೇಳಿದಳು.

ಶಂಕರಮ್ಮನ ಕೈಯಲ್ಲಿ ವಾಚು ಇರಲಿಲ್ಲ. ಹೋದ ವರ್ಷ ಮಣಿಪಾಲದಲ್ಲಿ ಎದೆ ಸೀಳಿ ಕೂರಿಸಿದ ಲೋಹದ ಕವಾಟ ಅದು. ಸುತ್ತಲೂ ಸದ್ದಡಗಿದಾಗ ಟಿಕ್ಕು ಟಿಕ್ಕೆನ್ನುವುದು ಅವಳಿಗೆ ಕೇಳುತ್ತಿತ್ತು. ಇವತ್ತು ಪಕ್ಕದವರಿಗೂ ಕೇಳುತ್ತಿದೆ ಎಂದರೆ ಅದು ಎಷ್ಟು ಜೋರಾಗಿ ಓಡುತ್ತಿರಬಹುದು!

"ಬಾಗಿಲು ತೆಗಿಯಮ್ಮ," ಅಂದಳು. "ಉಸಿರು ಕಟ್ಟಿದ ಹಾಗಾಗ್ತಿದೆ."

ಅವಳೇ ಬಿಚ್ಚಿಟ್ಟದ್ದು. ಯಾರನ್ನು ದೂರುವುದು? ಹುಟ್ಟಿದಾಗ ಕೊರಳಿಗೆ ಬಿದ್ದ ಲಿಂಗ. ಅದನ್ನಿಟ್ಟ ಬೆಳ್ಳಿಯ ಕರಡಿಗೆ ಎದೆಯ ಮೇಲೆ ಸರಿಯಾಗಿ ಗಾಯದ ಜಾಗಕ್ಕೆ ಬರುತ್ತಿತ್ತು. ಕಾರಿನ ಬೆಲ್ಟು ಬಿಗಿಯಾದರೆ ಕರಡಿಗೆ ಮೂಳೆಗೆ ಒತ್ತಿ ಕಣ್ಣಲ್ಲಿ ನೀರು ಬರುತ್ತಿತ್ತು. ಬೆಲ್ಟು ಬೇಡವೆನ್ನುವ ಹಾಗಿಲ್ಲ, ಶಿವಮೊಗ್ಗದ ಸಿಗ್ನಲ್ಲುಗಳಲ್ಲಿ ಕ್ಯಾಮೆರಾ. ಹಿಂದೆ ಕೂರುತ್ತೇನೆಂದರೆ ಗಂಡ ಪರಮೇಶ್ವರಪ್ಪ ಒಪ್ಪುತ್ತಿರಲಿಲ್ಲ. "ನಾನೇನು ನಿನ್ನ ಡ್ರೈವರ್ರಾ?" ಎನ್ನುತ್ತಿದ್ದರು. ಹಾಗಾಗಿ ಭದ್ರಾವತಿಯ ಜನ್ನಾಪುರದ ಮನೆಯ ಗೇಟಿಗೆ ಅವರು ಬೀಗ ಹಾಕಿ ಬರುವಷ್ಟರಲ್ಲಿ ಅವಳು ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಎದುರಿನ ಡ್ಯಾಶ್‌ಬೋರ್ಡಿನ ಖಾನೆಗೆ ಸೇರಿಸಿಬಿಡುತ್ತಿದ್ದಳು. ಊರು ಮುಟ್ಟಿದ ಮೇಲೆ ಅವರು ಇಳಿದು, ಪದ್ಧತಿಯಂತೆ ನಾಲ್ಕೂ ಟೈರುಗಳಿಗೆ ಒಂದೊಂದು ಒದೆತ ಕೊಟ್ಟು ನೋಡಿಕೊಂಡು ಬರುವಷ್ಟರಲ್ಲಿ ತಿರುಗಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಮೈಮೇಲೆ ಲಿಂಗವಿಲ್ಲದ ಆ ಹೊತ್ತಿನಲ್ಲಿ ಗುಟುಕು ನೀರೂ ಕುಡಿಯುತ್ತಿರಲಿಲ್ಲ ಎಂಬುದೊಂದೇ ಅವಳ ಸಮಾಧಾನ.

ಇವತ್ತು ಕಾರು ನಿಂತ ಕೂಡಲೇ ಮಧು ಓಡಿ ಬಂದು ಬಾಗಿಲು ತೆಗೆದು, "ಬನ್ನಿ ಅಮ್ಮಾ, ನಿಧಾನ," ಎಂದು ಕೈ ಚಾಚಿದ್ದ. ಇಷ್ಟು ಮರ್ಯಾದೆಯಿಂದ ಯಾರೂ ಅವಳನ್ನು ಕಾರಿನಿಂದ ಇಳಿಸಿಕೊಂಡಿರಲಿಲ್ಲ. ಅವಳು ಆ ಕೈ ಹಿಡಿದು ಇಳಿದುಬಿಟ್ಟಿದ್ದಳು.

ಮೇಜಿನ ಬಳಿ ಪರಮೇಶ್ವರಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದರು. ವ್ಯಾಪಾರ ಎಂದರೆ ಅವರಿಗೆ ಹಬ್ಬ. ಪೂಜಿತಾ ಎದುರಿಗೆ ಕೂತು ಕ್ಯಾಲ್ಕುಲೇಟರ್ ಒತ್ತಿದಳು.

"ಗಾಡಿ ರೇಟು ಬೇರೆ ಅಂಕಲ್, ಎಕ್ಸ್‌ಚೇಂಜ್ ಬೋನಸ್ ಬೇರೆ, ಹಬ್ಬದ ಆಫರ್ ಬೇರೆ..."

"ಎಲ್ಲಾ ಸೇರಿಸಿ ಒಂದೇ ಮಾತು ಹೇಳಮ್ಮ. ಬಿಡಿಸಿ ಬಿಡಿಸಿ ಹೇಳಿದ್ರೆ ನನಗೆ ತಲೆ ತಿರುಗುತ್ತೆ. ತಿರುಗ್ಲಿ ಅಂತಾನೇ ನೀವು ಬಿಡಿಸೋದು."

"ಅಯ್ಯೋ ಅಂಕಲ್!"

"ನಾನು ಕಾರ್ಖಾನೇಲಿ ಫರ್ನೇಸ್ ಮುಂದೆ ನಿಂತು ಬಂದೋನು. ಏಸಿ ಹಾಕಿ ಕೂರಿಸಿದ್ರೆ ಕರಗಿಬಿಡ್ತೀನಿ ಅಂದ್ಕೋಬೇಡ."

ಪೂಜಿತಾ ನಕ್ಕು, ಪಕ್ಕದ ಕೆಂಪು ಕಾರಿನತ್ತ ಕೈ ತೋರಿಸಿದಳು. "ಅದನ್ನಾದ್ರೂ ನೋಡಿ ಅಂಕಲ್. ಆಟೊಮ್ಯಾಟಿಕ್. ಗೇರ್ ಹಾಕೋ ರಗಳೆ ಇಲ್ಲ, ಎಡಗೈಗೆ ಕೆಲಸಾನೇ ಇಲ್ಲ."

"ಕೆಲಸ ಇಲ್ದಿರೋ ಎಡಗೈನ ಜೇಬಲ್ಲಿ ಇಟ್ಕೊಂಡು ಹೋಗ್ಲಾ? ಅದಕ್ಕೆ ಮೇಲೆ ಅಷ್ಟು ದುಡ್ಡು ಬೇರೆ!"

ಶಂಕರಮ್ಮ ಅವರ ಪಕ್ಕದ ಕುರ್ಚಿಗೆ ಬಂದು ಕೂತಳು. "ರೀ," ಅಂದಳು.

"ಇರೇ, ನೀನು ನಡುವೆ ಬಾಯಿ ಹಾಕ್ಬೇಡ. ರೇಟು ಕೆಡುತ್ತೆ."

ಹೇಳಬೇಕೆಂದರೂ ಹೇಗೆ ಹೇಳುವುದು? ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನರ್ಸು, ಮೈಮೇಲೆ ಏನೂ ಇರಬಾರದು ಎಂದು ಶಿವದಾರ ತೆಗೆಸಿದಾಗ ಲಿಂಗವನ್ನು ಇಸಿದುಕೊಂಡದ್ದು ಇವರೇ. ಅವಳನ್ನು ಹೊರಗೆ ತರುವವರೆಗೆ ಇವರು ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕಾರಿಡಾರಿನಲ್ಲೇ ಕೂತಿದ್ದರಂತೆ. ಊಟಕ್ಕೆ ಏಳಲಿಲ್ಲ, ಬಚ್ಚಲಿಗೂ ಏಳಲಿಲ್ಲ, ಯಾರು ಕರೆದರೂ ತಲೆ ಎತ್ತಲಿಲ್ಲ ಎಂದು ಮಗಳು ಪ್ರಿಯದರ್ಶಿನಿ ಆಮೇಲೆ ಹೇಳಿದ್ದಳು. ಎಚ್ಚರವಾದಾಗ ಶಂಕರಮ್ಮನ ಕಣ್ಣಿಗೆ ಮೊದಲು ಬಿದ್ದದ್ದು, ಅವಳ ಕೊರಳಿಗೆ ದಾರ ಹಾಕುತ್ತಿದ್ದ ಇವರ ಬೆರಳುಗಳು. ಅಂಥವರಿಗೆ, ನೀವು ಹಾಕಿದ್ದು ನನಗೆ ಒತ್ತುತ್ತದೆ ಎನ್ನುವುದು ಹೇಗೆ? ಅದನ್ನು ಟೋಲ್ ಚೀಟಿ, ಬಾಚಣಿಗೆಗಳ ಜೊತೆ ಖಾನೆಯಲ್ಲಿ ತುರುಕಿ ಈಗ ಕಳೆದುಕೊಂಡಿದ್ದೇನೆ ಎನ್ನುವುದು ಹೇಗೆ?

ಪೂಜಿತಾ ನೀರು ತಂದಿಟ್ಟಳು. ತಣ್ಣಗಿನ ಲೋಟದ ಹೊರಮೈಯಲ್ಲಿ ಹನಿ ಮೂಡಿತ್ತು. ಶಂಕರಮ್ಮನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅವಳು ಲೋಟ ಮುಟ್ಟಲಿಲ್ಲ.

"ಆ ಹುಡುಗ ಇನ್ನೂ ಬರ್ಲಿಲ್ವಲ್ಲಮ್ಮ?" ಅಂದಳು.

"ಒಂದು ರೌಂಡ್ ಅಷ್ಟೇ ಅಮ್ಮಾ." ಪೂಜಿತಾ ಫೋನು ಮಾಡಿ ಕೇಳಿಸಿಕೊಂಡಳು. "ಪಾರ್ಟಿ ಸಿಕ್ಕಿದಾರಂತೆ. ಹಳೇ ಗಾಡಿ ತಗೊಳ್ಳೋರು, ಕುಂಸಿಯವರು. ಅವರೇ ಓಡಿಸಿ ನೋಡ್ತಿದಾರಂತೆ, ಆಯನೂರು ಕಡೆ ಹೋಗಿದಾರೆ."

ಯಾರೋ ಕುಂಸಿಯವರು. ಅವಳು ಕೂರುವ ಸೀಟಿನಲ್ಲಿ ಯಾರೋ ಕೂತಿರುತ್ತಾರೆ. ಕೊಳ್ಳುವವರು ಖಾನೆ ತೆಗೆದು ನೋಡದೆ ಇರುತ್ತಾರೆಯೇ? ಬಟ್ಟೆ ಬಿಚ್ಚಿದರೆ ಬೆಳ್ಳಿ ಹೊಳೆಯುತ್ತದೆ. ಬೆಳ್ಳಿಯನ್ನಿಟ್ಟುಕೊಂಡು ಒಳಗಿನದನ್ನು ಕಿಟಕಿಯಿಂದ ಎಸೆದರೆ? ಆ ರಸ್ತೆಯ ಬದಿಯ ಕಾಡುಗಿಡಗಳಲ್ಲಿ ಹುಡುಕುವುದೆಲ್ಲಿ? ಅವಳ ಅಜ್ಜಿಯ ತಂಗಿಯೊಬ್ಬಳು ಭದ್ರಾ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಲಿಂಗ ಕಳೆದುಕೊಂಡು, ಮಠದ ಅಯ್ಯನವರು ಬಂದು ಬೇರೆ ಲಿಂಗ ಕಟ್ಟುವವರೆಗೆ ಅನ್ನ ನೀರು ಬಿಟ್ಟು ಮಲಗಿದ್ದಳಂತೆ. ಹೊಳೆ ಏರಿದ್ದರಿಂದ ಅಯ್ಯನವರು ಬರುವುದು ತಡವಾಯಿತಂತೆ. ಆ ಕಥೆಯನ್ನು ಅವ್ವ ಯಾವತ್ತೂ ಅಲ್ಲಿಂದ ಮುಂದಕ್ಕೆ ಹೇಳಿರಲಿಲ್ಲ.

ಮ್ಯಾನೇಜರ್ ಜ್ಞಾನೇಶ್ ಬಂದ. ಹಣೆಯಲ್ಲಿ ವಿಭೂತಿ, ಅಂಗಿಯ ಕಾಲರಿನೊಳಗೆ ಬಿಳಿಯ ಶಿವದಾರ. ಶಂಕರಮ್ಮ ಸೆರಗನ್ನು ಕತ್ತಿನವರೆಗೂ ಎಳೆದುಕೊಂಡಳು.

"ನಮಸ್ಕಾರ ಸರ್. ಪಾರ್ಟಿಗೆ ಗಾಡಿ ಹಿಡಿಸಿದೆ. ನೀವು ಹೂಂ ಅಂದ್ರೆ ಅವರು ಹಾಗೇ ಕುಂಸಿಗೆ ತಗೊಂಡು ಹೋಗ್ತಾರೆ. ನಿಮ್ಮನ್ನ ಭದ್ರಾವತಿಗೆ ನಮ್ಮ ಗಾಡೀಲಿ ಬಿಡಿಸ್ತೀನಿ. ಸಿಹಿ ತಗೊಳ್ಳಿ, ಅಮ್ಮಾ ತಗೊಳ್ಳಿ."

ಪರಮೇಶ್ವರಪ್ಪನ ಮುಖ ಅರಳಿತು. ಇಷ್ಟು ಹೊತ್ತು ಗುದ್ದಾಡಿದ ಮೇಲೆ ರೇಟು ಅವರು ಬಯಸಿದ್ದರ ಹತ್ತಿರ ಹತ್ತಿರಕ್ಕೆ ಬಂದಿತ್ತು. ಪೇಡೆ ಬಾಯಿಗಿಟ್ಟುಕೊಂಡು ಹೆಂಡತಿಯತ್ತ ಡಬ್ಬಿ ಸರಿಸಿದರು. ಅವಳು ತಲೆಯಾಡಿಸಿದಳು.

"ಮುಖ ಎಲ್ಲಾ ಬೆವತಿದೆಯಲ್ಲೇ. ನೀರಾದ್ರೂ ಕುಡಿ."

ಅವಳು ಮತ್ತೆ ತಲೆಯಾಡಿಸಿದಳು. ಅವರು ಲೋಟವನ್ನು ಎತ್ತಿ ಅವಳ ಕೈಗೆ ಕೊಡಹೋದರು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಪರಮೇಶ್ವರಪ್ಪನ ದವಡೆ ಆಡುವುದು ನಿಂತಿತು. ಲೋಟ, ಅವಳ ಒಣಗಿದ ತುಟಿ, ಆಮೇಲೆ ಅವಳು ಸೆರಗು ಹಿಡಿದುಕೊಂಡಿದ್ದ ಕತ್ತು. ಮೂವತ್ತೈದು ವರ್ಷ ಸಂಸಾರ ಮಾಡಿದವರು, ಇವಳು ಯಾವಾಗ ನೀರು ಮುಟ್ಟುವುದಿಲ್ಲ ಎಂಬುದು ಗೊತ್ತಿಲ್ಲದವರೇ?

"ಎಲ್ಲಿ?" ಅಂದರು, ಅವಳಿಗೆ ಮಾತ್ರ ಕೇಳುವಂತೆ.

"ಕಾರಲ್ಲಿ."

ಅವರು ಬಾಯಲ್ಲಿದ್ದ ಪೇಡೆಯನ್ನು ಕಷ್ಟಪಟ್ಟು ನುಂಗಿದರು. ಎದ್ದು ನಿಂತರು.

"ನನ್ನ ಗಾಡಿ ವಾಪಸ್ ತರಿಸ್ರಿ."

ಜ್ಞಾನೇಶ್ ನಕ್ಕ. ಇಂಥ ಗಿರಾಕಿಗಳನ್ನು ಅವನು ದಿನಾ ನೋಡುತ್ತಿದ್ದ. "ಸರ್, ಕೂತ್ಕೊಳ್ಳಿ. ಮ್ಯಾಟ್ ಫ್ರೀ ಕೊಡಿಸ್ತೀನಿ, ಸೀಟ್ ಕವರ್ ಫ್ರೀ."

"ಗಾಡಿ ತರಿಸ್ರಿ."

"ಸರಿ, ಬೋನಸ್ಸಲ್ಲಿ ಇನ್ನೊಂದು ಐದು ಸಾವಿರ ಸೇರಿಸ್ತೀನಿ."

"ಕನ್ನಡದಲ್ಲೇ ಹೇಳ್ತಿದೀನಲ್ರೀ. ಗಾಡಿ ಬೇಕು. ಈಗಲೇ."

"ಹತ್ತು," ಎಂದ ಜ್ಞಾನೇಶ್, ನಗು ಮಾಯವಾಗಿ. "ಇದಕ್ಕಿಂತ ಮೇಲೆ ಹೋದ್ರೆ ನನ್ನ ಕೆಲಸ ಹೋಗುತ್ತೆ ಸರ್. ಪೂಜಿತಾ, ಸರ್‌ಗೆ ಕಾಫಿ ಹೇಳಮ್ಮ." ಪೂಜಿತಾ ಬೆರಗಾಗಿ ಪರಮೇಶ್ವರಪ್ಪನನ್ನೇ ನೋಡುತ್ತಿದ್ದಳು. ಹೀಗೆ ಚೌಕಾಸಿ ಮಾಡುವವರನ್ನು ಅವಳು ಕಂಡಿರಲಿಲ್ಲ.

"ಆ ಹುಡುಗನಿಗೆ ಫೋನ್ ಹಚ್ಚು," ಅಂದರು ಪರಮೇಶ್ವರಪ್ಪ ಅವಳಿಗೆ. "ಹಚ್ಚಮ್ಮ, ಪುಣ್ಯ ಬರುತ್ತೆ."

ಮೊದಲ ಸಲ ಫೋನು ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಗಂಡ ಹೆಂಡತಿ ಇಬ್ಬರೂ ಹೊರಗೆ ಬಂದು ಗೇಟಿನ ಬಳಿ ಬಿಸಿಲಿನಲ್ಲಿ ನಿಂತರು. ಸಾಗರದ ಕಡೆಯಿಂದ ಬಿಳಿ ಕಾರುಗಳು ಒಂದರ ಹಿಂದೊಂದು ಬಂದವು. ಪ್ರತಿಯೊಂದಕ್ಕೂ ಶಂಕರಮ್ಮ ಒಂದು ಹೆಜ್ಜೆ ಮುಂದಿಡುತ್ತಿದ್ದಳು, ಪ್ರತಿಯೊಂದೂ ಮುಂದಕ್ಕೆ ಹೋಗುತ್ತಿತ್ತು. ಒಳಗಿನ ಕವಾಟ ಈಗ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಇಲ್ಲೇ ಬಿದ್ದುಹೋದರೆ, ಎಂದು ಅವಳಿಗೆ ಅನ್ನಿಸಿತು. ಬಿದ್ದರೆ ಕೈಯಲ್ಲಿ ಏನಿಟ್ಟು ಮಣ್ಣು ಮಾಡುತ್ತಾರೆ? ಅವ್ವನ ಅಂಗೈಯಲ್ಲಿ ಅವ್ವನ ಲಿಂಗವಿತ್ತು.

"ಬೆಲ್ಟು ಒತ್ತುತ್ತೆ ರೀ," ಅಂದಳು ರಸ್ತೆಯನ್ನೇ ನೋಡುತ್ತ. "ಕರಡಿಗೆ ಗಾಯದ ಮೇಲೆ ಕೂರುತ್ತೆ."

"ಯಾವತ್ತಿಂದ?"

"ಆಸ್ಪತ್ರೆಯಿಂದ ಬಂದಾಗಿಂದ."

ಪರಮೇಶ್ವರಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರ ಎಡಗೈ ಬೆರಳುಗಳು ಮಡಚಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಇದ್ದವು.

ಕೊನೆಗೊಂದು ಬಿಳಿ ಕಾರು ಇಂಡಿಕೇಟರ್ ಹಾಕಿತು. ಕುಂಸಿಯ ದಪ್ಪನೆಯ ಮನುಷ್ಯ ಓಡಿಸುತ್ತಿದ್ದ. ಪಕ್ಕದಲ್ಲಿ ಮಧು, ಅವನ ತೊಡೆಯ ಮೇಲೊಂದು ತುಂಬಿದ ಪ್ಲಾಸ್ಟಿಕ್ ಕವರು.

"ಗಾಡಿ ಖಾಲಿ ಮಾಡಿಟ್ಟಿದೀನಿ ಅಂಕಲ್," ಎಂದು ಮಧು ಇಳಿದು ಕವರು ಚಾಚಿದ. "ನಿಮ್ಮ ಸಾಮಾನೆಲ್ಲಾ ಇದರಲ್ಲಿದೆ."

ಶಂಕರಮ್ಮ ಅದನ್ನು ಕಿತ್ತುಕೊಂಡು ಅಲ್ಲೇ ನೆಲದ ಮೇಲೆ ಸುರುವಿದಳು. ಟೋಲ್ ಚೀಟಿಗಳು, ಬಾಚಣಿಗೆ, ಮಾತ್ರೆಯ ಪಟ್ಟಿ, ಮಡಿಸಿದ ಕೊಡೆ, ಅಡಿಕೆ ಪೊಟ್ಟಣ. ಬಿಳಿ ಬಟ್ಟೆ ಇರಲಿಲ್ಲ. ಅವಳು ಎರಡೂ ಕೈಯಿಂದ ಮತ್ತೆ ಕೆದಕಿದಳು. ಕವರನ್ನು ಒಳಹೊರಗು ಮಾಡಿ ಕೊಡವಿದಳು. ಕಾಂಪೌಂಡಿನ ಬಿಸಿ ಕಲ್ಲಿನ ಮೇಲೆ ಕೂತುಬಿಟ್ಟಳು.

"ಬಟ್ಟೆ..." ಅಂದಳು. "ಒಂದು ಬಟ್ಟೆ ಗಂಟು..."

"ಓ, ಅದಾ? ಅದನ್ನ ಮುಟ್ಲಿಲ್ಲ ಅಮ್ಮಾ. ಏನೋ ದೇವ್ರದು ಅನ್ನಿಸ್ತು. ಬೆಳಗ್ಗೆ ಮೊಟ್ಟೆ ದೋಸೆ ತಿಂದು ಬಂದಿದ್ದೆ," ಎಂದು ಮಧು ತಲೆ ಕೆರೆದುಕೊಂಡ. "ಅಲ್ಲೇ ಬಿಟ್ಟಿದೀನಿ."

ಪರಮೇಶ್ವರಪ್ಪ ಖಾನೆ ತೆಗೆದರು. ಒರೆಸಿ ಖಾಲಿ ಮಾಡಿದ್ದ ಆ ಕಪ್ಪು ಗೂಡಿನೊಳಗೆ ಬಿಳಿಯ ಗಂಟೊಂದೇ ಇತ್ತು, ಅವಳು ಹಾಕಿದ ಮಡಿಕೆ ಕೂಡ ಬಿಚ್ಚಿರಲಿಲ್ಲ. ಅವರು ಅದನ್ನು ಹಣೆಗೊತ್ತಿಕೊಂಡು ಅವಳ ಕೈಗಿಟ್ಟರು. ಅವಳು ಎಲ್ಲರಿಗೂ ಬೆನ್ನು ಮಾಡಿ ಕೊರಳಿಗೆ ಹಾಕಿಕೊಂಡಳು. ಪೂಜಿತಾ ಒಳಗಿಂದ ಲೋಟದೊಂದಿಗೆ ಬಂದಿದ್ದಳು. ಶಂಕರಮ್ಮ ಅದನ್ನು ಇಸಿದುಕೊಂಡು, ಗಲ್ಲದಿಂದ ಇಳಿದು ರವಿಕೆ ನೆನೆಯುವಂತೆ ಒಂದೇ ಉಸಿರಿಗೆ ಕುಡಿದಳು.

"ಸರ್, ಈ ರೇಟು ಇವತ್ತಿಗೆ ಮಾತ್ರ," ಎಂದ ಜ್ಞಾನೇಶ್, ಗೇಟಿನವರೆಗೂ ಬಂದು.

"ಇವತ್ತಿಗೆ ಇಷ್ಟು ಸಾಕು ಮಾರಾಯ. ನಾಳೆ ಫೋನ್ ಮಾಡ್ತೀನಿ."

ಅವತ್ತು ಅವರು ಟೈರು ಒದೆಯುವುದನ್ನೂ ಮರೆತು ಸ್ಟೇರಿಂಗಿನ ಹಿಂದೆ ಕೂತರು. ಶಂಕರಮ್ಮ ತನ್ನ ಜಾಗದಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಬೆಲ್ಟಿಗೆ ಕೈ ಹಾಕುವ ಮುನ್ನ ಬೆರಳುಗಳು ತಾವಾಗಿಯೇ ಶಿವದಾರದ ಕಡೆ ಹೋದವು.

"ಇರ್ಲಿ," ಅಂದರು ಪರಮೇಶ್ವರಪ್ಪ.

ಅವಳು ಬೆಲ್ಟು ಎಳೆದು ಸಿಕ್ಕಿಸಿದಳು. ಕರಡಿಗೆ ಮೂಳೆಗೆ ಕೂತಿತು, ಹಲ್ಲು ಕಚ್ಚಿದಳು. ಕಾರು ಗೇಟು ದಾಟಿ ಊರಿನ ಕಡೆ ತಿರುಗಿತು. ಅವರು ಎರಡನೇ ಗೇರಿಗೆ ಹಾಕಿದರು. ಹಾಕಿ, ಎಡಗೈಯನ್ನು ಗೇರಿನಿಂದ ತೆಗೆದು, ಕಣ್ಣು ರಸ್ತೆಯ ಮೇಲೇ ಇಟ್ಟು, ಅವಳ ಎದೆಯ ಮೇಲಿದ್ದ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಮುಂದಕ್ಕೆ ಎಳೆದುಕೊಂಡರು. ಪಟ್ಟಿಗೂ ಕರಡಿಗೆಗೂ ನಡುವೆ ಒಂದು ಹಿಡಿಯಷ್ಟು ಜಾಗವಾಯಿತು.

ರಸ್ತೆ ಖಾಲಿಯಿತ್ತು. ಇಂಜಿನ್ನು ಮುಂದಿನ ಗೇರು ಬೇಡುತ್ತ ಗೊಂಯ್ಯೆಂದು ಕೂಗತೊಡಗಿತು. ಹಿಂದಿನಿಂದ ಬಸ್ಸೊಂದು ಹಾರ್ನು ಹಾಕಿತು, ಮತ್ತೆ ಹಾಕಿತು, ಕೊನೆಗೆ ಪಕ್ಕದಿಂದ ಬೈಯುತ್ತ ಮುಂದಕ್ಕೆ ಹೋಯಿತು. ಪರಮೇಶ್ವರಪ್ಪ ಕೈ ತೆಗೆಯಲಿಲ್ಲ. ಆಟೊಗಳು, ಸ್ಕೂಟರುಗಳು ಕೂಡ ಹಿಂದೆ ಹಾಕಿ ಹೋಗುವಂತೆ ಕಾರು ಕೂಗಿಕೊಂಡೇ ಸಿಗ್ನಲ್ಲಿನತ್ತ ಸಾಗಿತು.