ಮೈಕಿನ ಮಾವ ಮತ್ತು ಕೊಡೆಯವನ ಹೆಂಡತಿ

ಚೀನೀ ಭೂತದ ಸಿನಿಮಾ ನೋಡಿ ಮೂಗು ಒರೆಸಿಕೊಳ್ಳುವ ಸ್ಥಿತಿಗೆ ಮೈಕಿನ ಮಾವನವರು ಬಂದದ್ದು ಎಪ್ಪತ್ತರ ಅಂಚಿನಲ್ಲಿ. ಅಲ್ಲಿಯವರೆಗೆ ಅವರು ಮರ್ಯಾದಸ್ಥರಾಗಿಯೇ ಬದುಕಿದ್ದರು.

ದೊಡ್ಡದೊಂದು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಯಾವ ಬಸ್ಸು ಬಂತು, ಯಾವುದು ಯಾವ ಅಂಕಣದಿಂದ ಹೊರಡುತ್ತದೆ ಎಂದು ಕೂಗಿ ಹೇಳುವುದು ಅವರ ನೌಕರಿಯಾಗಿತ್ತು. ದನಿ ಕಂಚಿನಂಥದು. ನಿವೃತ್ತಿಯಾದ ಮೇಲೆ ಅದೇ ದನಿಯಲ್ಲಿ ಮನೆಯಲ್ಲಿ ಉಪ್ಪು ಕೇಳುತ್ತಿದ್ದರು. ಆಗೆಲ್ಲ ಹೆಂಡತಿ, "ಇದು ಬಸ್ ಸ್ಟ್ಯಾಂಡ್ ಅಲ್ಲ, ಅಡುಗೆಮನೆ. ನಾನೊಬ್ಬಳೇ ಇರೋದು ಇಲ್ಲಿ" ಎನ್ನುತ್ತಿದ್ದರು. ಆಕೆ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆ ದಿನ ಮಧ್ಯಾಹ್ನದ ಊಟವಾದ ಮೇಲೆ ಆಕೆ ಮಂಚದ ಮೇಲೆ ಒರಗಿದ್ದರು. ಇವರು ಪಕ್ಕದ ಕುರ್ಚಿಯಲ್ಲಿ ಕುಳಿತು ದಿನದಂತೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಆಕೆ ಹೋದದ್ದು ಯಾವ ಸುದ್ದಿಯ ಹೊತ್ತಿಗೆ ಎಂಬುದು ಇವರಿಗೆ ಇಂದಿಗೂ ಗೊತ್ತಿಲ್ಲ. ಹವಾಮಾನ ವರದಿಯನ್ನಂತೂ ಪೂರ್ತಿ ಓದಿ ಮುಗಿಸಿದ್ದರು. ಜನ್ಮವಿಡೀ ಕಂಡವರ ಪ್ರಯಾಣವನ್ನೆಲ್ಲ ಸಾರಿದ ಮನುಷ್ಯನಿಗೆ ಸ್ವಂತ ಹೆಂಡತಿ ಹೊರಟದ್ದು ತಿಳಿಯಲಿಲ್ಲ. ಇದನ್ನು ನೆನೆದಾಗ ಅವರಿಗೆ ಅಳುವಿನ ಜೊತೆಗೆ ತಮ್ಮ ಮೇಲೆಯೇ ಒಂದು ಬಗೆಯ ನಗು ಬರುತ್ತಿತ್ತು.

ಆಮೇಲೆ ಅವರ ದನಿ ಅಡಗಿತು. ಬೆಳಗಿನ ಪ್ರಾರ್ಥನೆಯನ್ನು ಬಿಡಲಿಲ್ಲ. ಆದರೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ದೇವರಿಗೆ ಕಿವಿ ಚುರುಕು, ಕೇಳಿಸೀತು ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಅವರನ್ನು ಮನೆಯಿಂದ ಹೊರಗೆಳೆದವಳು ತಂಗಿಯ ಮಗಳು. ಸೂಟ್‌ಕೇಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆಕೆ ಡಬ್ಬಿಂಗ್ ಕೋಣೆ ನಡೆಸುತ್ತಿದ್ದಳು. ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದ ಚಿಕ್ಕ ಕೋಣೆ. ನಡುವೆ ಗಾಜು. ಗಾಜಿನ ಈಚೆ ಮೈಕು ಮತ್ತು ಪರದೆ, ಆಚೆ ಅವಳೂ ಸೌಂಡಿನವನೂ. ಕೆಂಪು ದೀಪ ಹತ್ತಿದರೆ ಫ್ಯಾನ್ ನಿಲ್ಲಿಸಬೇಕು. ಕಟ್ಟಡದ ನೀರಿನ ಪಂಪು ಶುರುವಾದರೆ ಪ್ರೇಮವಾಗಲಿ ಯುದ್ಧವಾಗಲಿ ಅಲ್ಲಿಗೇ ನಿಲ್ಲಬೇಕು.

"ಮಾವ, ಒಂದು ಸನ್ಯಾಸಿ ಪಾತ್ರ ಇದೆ. ನಿಮ್ಮ ದನಿ ಹೇಳಿ ಮಾಡಿಸಿದ ಹಾಗಿದೆ" ಎಂದಳು.

"ಯಾವ ಸಿನಿಮಾ?"

"ಚೀನಾದ್ದು. ದೆವ್ವದ್ದು. ಪ್ರೇಮಕತೆ."

"ದೆವ್ವಕ್ಕೆಂಥ ಪ್ರೇಮ ಪುಟ್ಟಿ? ಬದುಕಿದವರಿಗೇ ಪುರಸೊತ್ತಿಲ್ಲ."

"ದೆವ್ವಕ್ಕೇ ಪುರಸೊತ್ತಿರೋದು ಮಾವ. ಬನ್ನಿ, ಬನ್ನಿ."

ಹೋದರು. ಮೊದಲ ದಿನ ಅವರಿಗೆ ಸಿಕ್ಕಿದ್ದು ನಗಲಿಕ್ಕೆ ವಸ್ತು. ಆ ಸಿನಿಮಾದ ಹೆಂಗಸರ ತೋಳಿನ ಬಟ್ಟೆ ಮೈಗಿಂತ ಉದ್ದ. ಗಂಡ ಹೆಂಡಿರಿಗೆ ಜಗಳವಾದರೆ ಮಾಡಿನ ಮೇಲೆ ಹಾರಿ ಅಲ್ಲಿ ಮುಂದುವರಿಸುತ್ತಾರೆ. ನರಿಯೊಂದು ಮುನ್ನೂರು ವರ್ಷ ತಪಸ್ಸು ಮಾಡಿ ಹೆಣ್ಣಾಗುತ್ತದೆ, ಹೆಣ್ಣಾದ ಮೇಲೆ ಮಾಡುವ ಮೊದಲ ಕೆಲಸ ಯಾವನೋ ಸೋಮಾರಿಯ ಮನೆಯ ಕಸ ಗುಡಿಸುವುದು. "ಇಷ್ಟಕ್ಕೆ ಮುನ್ನೂರು ವರ್ಷ ಬೇಕಿತ್ತೆ?" ಎಂದು ಮಾವನವರು ಕೇಳಿದರು. ಸೌಂಡಿನವನು, ಬೋಳುತಲೆಯ ಮಿತಭಾಷಿ, ಗುಂಡಿ ಒತ್ತಿ "ಟೇಕ್" ಎಂದ.

ಎರಡನೆಯ ಸಿನಿಮಾದಲ್ಲಿ ನಗು ಕಡಿಮೆಯಾಯಿತು. ಮೂರನೆಯದರಲ್ಲಿ, ಪರಲೋಕದ ಬಾಗಿಲಲ್ಲಿ ಮುದುಕಿಯೊಬ್ಬಳು ಸತ್ತವರಿಗೆ ಮರೆವಿನ ಸಾರು ಬಡಿಸುವಾಗ ಒಬ್ಬ ಹುಡುಗಿ ಅದನ್ನು ಬಾಯಲ್ಲಿಟ್ಟುಕೊಂಡು ನುಂಗದೆ ಗಲ್ಲ ಉಬ್ಬಿಸಿಕೊಂಡು ದಾಟಿಬಿಟ್ಟಳು. ಮಾವನವರು ಹಾಸಿಗೆಯ ದೂಳಿಗೆ ಶೀತವಾಗಿದೆ ಎಂದು ಹೇಳಿ ಹೊರಗೆ ಹೋಗಿ ಬಂದರು.

ಅವರಿಗೆ ಅದರ ಹುಚ್ಚು ಹತ್ತಿದ್ದು ಹೀಗೆ. ಮನೆಯಲ್ಲಿಯೂ ಫೋನಿನಲ್ಲಿ ಹುಡುಕಿ ನೋಡತೊಡಗಿದರು. ತಂಗಿ ಕರೆ ಮಾಡಿದಾಗ "ಧ್ಯಾನದಲ್ಲಿದ್ದೆ" ಎನ್ನುವರು. ಧ್ಯಾನದ ಹಿಂದೆ ಕತ್ತಿಗಳು ಠಣ್ ಠಣ್ ಎನ್ನುತ್ತಿದ್ದವು. ಹಾರಾಟ, ಕತ್ತಿವರಸೆ ಅವರಿಗೆ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಆ ಕತೆಗಳ ಆಡಳಿತ. ಅಲ್ಲಿ ಸಾವೆಂದರೆ ಒಂದು ಕಚೇರಿ ಇದ್ದಂತೆ. ಅದಕ್ಕೆ ಬಾಗಿಲಿದೆ, ಗುಮಾಸ್ತನಿದ್ದಾನೆ, ಗುಮಾಸ್ತನಿಂದ ತಪ್ಪೂ ಆಗುತ್ತದೆ. ಹಟ ಹಿಡಿದು ನಿಂತರೆ ಮೇಲಿನವರು ಕರಗುತ್ತಾರೆ. ಸತ್ತವಳು ಒದ್ದೆಗೂದಲಲ್ಲಿ ಬಂದು ಕದ ತಟ್ಟಿದರೆ ಯಾರೂ ಕಿರುಚುವುದಿಲ್ಲ, "ತಡವಾಯ್ತಲ್ಲ" ಎನ್ನುತ್ತಾರೆ. ಒಂದು ಬೆಳಿಗ್ಗೆ ಮಾವನವರು ಪ್ರಾರ್ಥನೆಯ ನಡುವೆ, ಅಲ್ಲಿನ ಸತ್ತವರಿಗೆ ಸಿಗುವ ರಜೆ ನಮ್ಮ ಕಡೆಯ ಸತ್ತವರಿಗೆ ಯಾಕಿಲ್ಲ ಎಂದು ಕೇಳಿಯೇಬಿಟ್ಟರು. ಕೇಳಿದ ಮರುಗಳಿಗೆ ನಾಲಿಗೆ ಕಚ್ಚಿಕೊಂಡರು. ಇಷ್ಟು ವರ್ಷದ ಭಕ್ತಿಯನ್ನು ಒಂದು ನರಿ ಕೆಡಿಸಿತಲ್ಲ ಎಂದು ಆ ದಿನವೆಲ್ಲ ಪೇಚಾಡಿದರು. ಸಂಜೆ ಮತ್ತೆ ಫೋನ್ ಹಿಡಿದರು.

ಹೀಗಿರುವಾಗ ಬಂದದ್ದು ಕಾಗದದ ಕೊಡೆ ಮಾಡುವವನ ಕತೆ. ಅವನ ಹೆಂಡತಿ ಹೊಳೆಯಲ್ಲಿ ಮುಳುಗಿ ಸತ್ತಿದ್ದಾಳೆ. ಆದರೂ ದಿನಾ ಮುಸ್ಸಂಜೆಗೆ ಮನೆಗೆ ಬಂದು ಅವನು ಬಣ್ಣ ಬಳಿದ ಕೊಡೆಗಳನ್ನು ಒಣಗಲು ಹರವುತ್ತಾಳೆ. ಅವಳು ಬಂದಷ್ಟೂ ಅವನು ಸೊರಗುತ್ತಾನೆ. ಕೊನೆಗೆ ಒಬ್ಬ ಅಲೆಮಾರಿ ಸನ್ಯಾಸಿ ಬಂದು ಅವಳನ್ನು ಕಳಿಸಿಕೊಡಬೇಕು. ಆ ಸನ್ಯಾಸಿಯ ದನಿ ಮೈಕಿನ ಮಾವನವರದು.

ಉಳಿದದ್ದೆಲ್ಲ ಮುಗಿದು ಆ ಒಂದು ದೃಶ್ಯ ಬಾಕಿಯಿತ್ತು. ಅಂದು ಸಂಜೆಯೊಳಗೆ ಸಿನಿಮಾವನ್ನು ಒಪ್ಪಿಸಬೇಕು.

"ಮಾವ, ಇವತ್ತು ಆಗಲೇಬೇಕು" ಎಂದಳು ತಂಗಿಯ ಮಗಳು. "ಆಗದಿದ್ರೆ ಸಿನಿಮಾ ಕೊಟ್ಟವರು ಇನ್ನೊಬ್ಬರನ್ನ ಕರೆಸಿ ನಿಮ್ಮ ಪಾತ್ರ ಪೂರ್ತಿ ಮತ್ತೆ ಮಾಡಿಸ್ತಾರಂತೆ. ಮುಂದಿನ ಸಿನಿಮಾನೂ ಬೇರೆಯವರಿಗೆ ಹೋಗುತ್ತೆ. ನನ್ನ ಮುಖಕ್ಕೂ ಮಂಗಳಾರತಿ."

"ಒಂದೆರಡು ಸಾಲು ತಾನೆ? ಚಿಟಿಕೆ ಹೊಡೆಯೋದ್ರಲ್ಲಿ ಮುಗಿಸ್ತೀನಿ" ಎಂದರು ಮಾವ.

ಪರದೆಯ ಮೇಲೆ ಹೆಂಗಸು ಹೊಸ್ತಿಲಲ್ಲಿ ನಿಂತು ತಿರುಗಿ ನೋಡುತ್ತಾಳೆ. ಕೈಯಲ್ಲಿ ಅರ್ಧ ಬಿಚ್ಚಿದ ಕೊಡೆ. ಹೊರಗೆ ಮರದಿಂದ ಹೂವು ಉದುರುತ್ತಿದೆ. ಸನ್ಯಾಸಿ ಹೇಳಬೇಕು: "ಸತ್ತವರ ನೆರಳಲ್ಲಿ ಬದುಕಿದವರು ಬೆಳೆಯೋದಿಲ್ಲ ತಾಯಿ. ಬೆಳಕು ಹರಿಯುವ ಮೊದಲು ಹೊರಡು." ಅವನ ಬಾಯಿ ಬೇಗ ಮುಚ್ಚುತ್ತದೆ, ನಮ್ಮ ಕನ್ನಡದ ಮಾತು ಉದ್ದ. ಕೊನೆಯ "ಹೊರಡು" ಸರಿಯಾಗಿ ಅವನ ತುಟಿ ಕೂಡುವ ಹೊತ್ತಿಗೆ ಬೀಳಬೇಕು.

ಕೆಂಪು ದೀಪ ಹತ್ತಿತು. ಮಾವನವರು ಹೇಳಿದರು. ಗಾಜಿನಾಚೆಯಿಂದ ದನಿ ಬಂತು: "ಮಾವ, ಅವಳು ಹೆಂಗಸು. ಬಸ್ಸಲ್ಲ."

ನಿಜ, "ಹೊರಡು" ಎಂಬುದು ನಿಲ್ದಾಣದ ಹಳೆಯ ರಾಗದಲ್ಲಿ ಬಂದಿತ್ತು. ಮುಂದೆ ಅಂಕಣದ ಸಂಖ್ಯೆಯೊಂದು ಸೇರಿದ್ದರೆ ಜನ ಚೀಲ ಎತ್ತಿಕೊಳ್ಳುತ್ತಿದ್ದರು. ಸೌಂಡಿನವನು ಚಿತ್ರವನ್ನು ಹಿಂದಕ್ಕೆ ಓಡಿಸಿದ. ಮತ್ತೆ ಹೇಳಿದರು. ಈ ಸಲ ತೀರ ಮೆತ್ತಗಾಯಿತು.

ಮೂಲೆಯ ಸ್ಟೂಲಿನ ಮೇಲೆ ಕೊಡೆಯವನ ಹೆಂಡತಿಗೆ ದನಿ ಕೊಟ್ಟಾಕೆ ಕುಳಿತಿದ್ದಳು. ದಪ್ಪನೆಯ, ಗಟ್ಟಿಗಿತ್ತಿ ಹೆಂಗಸು. ಫೋನಿನಲ್ಲಿ ಮಕ್ಕಳನ್ನು "ನಾನು ಬಂದರೆ ಚರ್ಮ ಸುಲಿದುಬಿಡ್ತೀನಿ" ಎಂದು ಬೈದು, ಮರುನಿಮಿಷ ಮೈಕಿನ ಮುಂದೆ "ಸಾವಿರ ವರ್ಷ ನಿಮಗಾಗಿ ಕಾಯುವೆ" ಎನ್ನಬಲ್ಲವಳು. ತನ್ನ ಪಾಲಿನ ಕೆಲಸ ಮುಗಿದರೂ ಕಡಲೆಕಾಯಿ ಮುಗಿದಿಲ್ಲವೆಂದು ಕುಳಿತಿದ್ದಳು.

"ಅಣ್ಣಾ, ನಿಮ್ಮ ಸನ್ಯಾಸಿ ನನ್ನ ಓಡಿಸ್ತಾನೋ, ಊಟಕ್ಕೆ ಏಳು ಅಂತಾನೋ?" ಎಂದಳು.

"ನೀನು ಆ ಕಡಲೆಕಾಯಿ ನಿಲ್ಲಿಸು. ಅದರ ಸದ್ದಿಗೆ ನನ್ನ ವೈರಾಗ್ಯ ಕೆಡ್ತಾ ಇದೆ" ಎಂದರು ಮಾವ.

ಅವಳು ಪೊಟ್ಟಣ ಮಡಚಿದಳು. ಮುಂದಿನ ಸಲ "ಹೊರಡು" ಬರುವಲ್ಲಿ ಮಾವನವರಿಗೆ ಕೆಮ್ಮು ಬಂತು. ಅದರ ಮುಂದಿನ ಸಲ ಗಂಟಲು ಒಣಗಿತು, ನೀರು ಬೇಕಾಯಿತು. ಒಮ್ಮೆ ಪಂಪು ಶುರುವಾದಂತೆ ಕೇಳಿಸಿತು, ಪಂಪು ಶುರುವಾಗಿರಲಿಲ್ಲ. ಒಮ್ಮೆ "ಹೊರಡು" ಎನ್ನುವುದರ ಬದಲು "ಹೊರಡು ಮಾರಾಯ್ತಿ" ಎಂದುಬಿಟ್ಟರು. ಎಲ್ಲರೂ ನಕ್ಕರು, ಅವರೂ ನಕ್ಕರು. ಪ್ರತಿ ಸಲವೂ ಸೌಂಡಿನವನು ಚಿತ್ರವನ್ನು ಹಿಂದಕ್ಕೆ ಓಡಿಸಿದ. ಫ್ಯಾನಿಲ್ಲದ ಕೋಣೆಯಲ್ಲಿ ಎಲ್ಲರ ಅಂಗಿಯೂ ಬೆನ್ನಿಗಂಟಿತು. ಮಾವನವರಿಗೆ ಮಾತ್ರ ಸೆಕೆಯಾದಂತೆ ಕಾಣಲಿಲ್ಲ.

ಕೊನೆಗೆ ಮಿತಭಾಷಿಯೇ ಬಾಯಿ ತೆರೆದ. "ಮೇಡಂ, ಮಾವನವರು ಮೊದಲಿನ ಮಾತೆಲ್ಲ ಚೆನ್ನಾಗೇ ಹೇಳ್ತಾರೆ. ಪ್ರತಿ ಸಲ ಕೆಡೋದು ಅದೊಂದೇ ಪದ. ನಾನು ಹಿಂದಕ್ಕೆ ಓಡಿಸುವಾಗ ಅವರ ಮುಖ ನೋಡಿ."

ಅವಳು ನೋಡಿದಳು. ಚಿತ್ರ ಹಿಂದಕ್ಕೆ ಓಡುತ್ತಿತ್ತು, ಮಾವನವರು ಪರದೆಯತ್ತ ಕುತ್ತಿಗೆ ಚಾಚಿ ಮಗುವಿನಂತೆ ನಗುತ್ತ ನಿಂತಿದ್ದರು.

ಅವಳು ಕೆಂಪು ದೀಪ ಆರಿಸಿ ಫ್ಯಾನ್ ಹಾಕಿ ಒಳಗೆ ಬಂದಳು.

"ಮಾವ, ನಿಮಗೆ ಕೆಮ್ಮು ಇಲ್ಲ."

"ಇತ್ತು. ಈಗ ಹೋಯ್ತು."

"ಬೇಕು ಅಂತಾನೇ ಕೆಡಿಸ್ತಾ ಇದ್ದೀರಿ."

ಮಾವನವರು ಸುಳ್ಳು ಹೇಳಲು ಬಾಯಿ ತೆರೆದರು. ಮೈಕಿನ ಮುಂದೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಅದು ಹೊರಡಲಿಲ್ಲ.

"ಮೊದಲೆರಡು ಸಲ ನಿಜವಾಗ್ಲೂ ಕೆಟ್ಟಿದ್ದು ಪುಟ್ಟಿ" ಎಂದರು. "ಆಮೇಲೆ ನೋಡಿದೆ. ಹಿಂದಕ್ಕೆ ಓಡಿಸಿದಾಗ ಅವಳು ಹೊಸ್ತಿಲಿಂದ ಒಳಗೆ ಬರ್ತಾಳೆ. ಕೊಡೆ ಮುಚ್ಚಿಕೊಳ್ಳುತ್ತೆ. ಉದುರಿದ ಹೂವೆಲ್ಲ ಮರಕ್ಕೆ ಹೋಗಿ ಅಂಟಿಕೊಳ್ಳುತ್ತೆ. ನಾನು ಒಂದು ಪದ ತಪ್ಪಿದ್ರೆ ಸಾಕು, ಅಷ್ಟೂ ಆಗುತ್ತೆ." ಪರದೆಯತ್ತ ನೋಡುತ್ತಲೇ ಹೇಳಿದರು, "ನಿಮ್ಮತ್ತೆಗೆ ಹೋಗು ಅಂತ ನಾನು ಹೇಳಲಿಲ್ಲ. ಹೇಳೋಕೆ ಅವಳು ಕಾಯಲೂ ಇಲ್ಲ. ಈಗ ನೋಡು, ಯಾವಳೋ ಗೊತ್ತಿಲ್ಲದ ಚೀನಾದವಳಿಗೆ ಹೇಳೋಕೆ ನಾಲಿಗೆ ಏಳ್ತಿಲ್ಲ. ಇಷ್ಟು ವಯಸ್ಸಾದ ಗಡವನಿಗೆ ಎಂಥ ಗತಿ."

ಮೂಲೆಯಲ್ಲಿದ್ದಾಕೆ ಮಡಚಿದ ಪೊಟ್ಟಣವನ್ನು ಇನ್ನೂ ಚಿಕ್ಕದಾಗಿ ಮಡಚಿದಳು.

ತಂಗಿಯ ಮಗಳು ಗಡಿಯಾರ ನೋಡಿದಳು. ಆಮೇಲೆ ಪರದೆಯಲ್ಲಿ ನಿಂತುಬಿಟ್ಟಿದ್ದ ಹೆಂಗಸನ್ನು ನೋಡಿದಳು.

"ಅತ್ತೆ ಆಗಿದ್ರೆ ಹೀಗೆ ನಿಂತಿರ್ತಿದ್ರಾ ಮಾವ?" ಎಂದಳು. "ಬಸ್ಸಿಗೆ ಒಂದು ಗಂಟೆ ಮುಂಚೆ ಚೀಲ ಹಿಡಿದು ಕೂರೋರು ಅವರು. ಕಳಿಸಿಕೊಡೋ ನೀವು ಚಪ್ಪಲಿ ಹುಡುಕ್ತಾ ಇದ್ರೆ ಏನಂತಿದ್ರು?"

ಮಾವನವರಿಗೆ ಹೆಂಡತಿಯ ಮಾತು ಕೇಳಿಸಿಯೇಬಿಟ್ಟಿತು. ಕಾಲು ನೋಯ್ತಿದೆ, ಬೇಗ ಆಗಲಿ, ನಿಮ್ಮ ನಾಟಕ ಆಮೇಲೆ. ಮದುವೆಯಾದ ಕಾಲದಿಂದ ಹೊಸ್ತಿಲಲ್ಲಿ ನಿಂತು ಆಕೆ ಹೇಳುತ್ತಿದ್ದದ್ದು ಅಷ್ಟೇ. ಒಬ್ಬ ಹೆಂಗಸನ್ನು ಮಧ್ಯಾಹ್ನದಿಂದ ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದೇನೆ, ಅವಳ ಕೈಯಲ್ಲಿ ಕೊಡೆಯಿದೆ, ಹೊರಗೆ ಕತ್ತಲೆ ಕರಗುತ್ತಿದೆ ಎಂಬುದು ಅವರಿಗೆ ಈಗ ಥಟ್ಟನೆ ಸಭ್ಯತೆಯ ಪ್ರಶ್ನೆಯಾಗಿ ಕಂಡಿತು. ದುಃಖಕ್ಕೆ ಬಗ್ಗದಿದ್ದ ಮನುಷ್ಯ ಮರ್ಯಾದೆಗೆ ಬಗ್ಗಿದರು.

"ಫ್ಯಾನ್ ನಿಲ್ಲಿಸಿ" ಎಂದರು.

ಕೆಂಪು ದೀಪ ಹತ್ತಿತು. ಕೊಡೆಯವನ ಹೆಂಡತಿ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು, ತಿರುಗಿದಳು. ಮಾವನವರು ಕಣ್ಣು ತೆರೆದೇ ಇದ್ದು, ಸನ್ಯಾಸಿಯ ತುಟಿಯನ್ನಲ್ಲ, ಅವಳನ್ನು ನೋಡುತ್ತ ಮಾತನ್ನು ಹೇಳಿದರು. ದನಿಯಲ್ಲಿ ಬಸ್ಸಿರಲಿಲ್ಲ, ಊಟವೂ ಇರಲಿಲ್ಲ. ಚೀಲವನ್ನು ಕೈಗೆ ಕೊಟ್ಟು ಬೀದಿಯ ಕಡೆ ಮುಖ ಮಾಡುವಾಗ ಮನೆಯವರು ಮಾತಾಡುವ ದನಿ ಅದು. "ಹೊರಡು" ಎಂಬುದು ತುಟಿ ಕೂಡುವ ಹೊತ್ತಿಗೆ ಸರಿಯಾಗಿ ಬಿತ್ತು.

ಅವಳು ಕೊಡೆ ಬಿಚ್ಚಿಕೊಂಡು ಇಳಿದು ಹೋದಳು.

ಗಾಜಿನಾಚೆ ಸೌಂಡಿನವನು ಹೆಬ್ಬೆರಳೆತ್ತಿದ. ಚಿತ್ರ ಹಿಂದಕ್ಕೆ ಓಡಲಿಲ್ಲ.

"ಇನ್ನೊಂದು ಸಲ ಮಾಡಿ ನೋಡೋಣ್ವೇನೋ, ಯಾವುದಕ್ಕೂ ಇರಲಿ" ಎಂದರು ಮಾವ, ಆಸೆಯಿಂದ.

"ಬೇಡ ಮಾವ. ಸರಿಯಾಗಿದೆ" ಎಂದಳು ತಂಗಿಯ ಮಗಳು. "ಮುಂದಿನದು ಹೇಳಿಬಿಡಿ, ಅಲ್ಲಿಗೆ ಮುಗೀತು."

ಪರದೆಯಲ್ಲಿ ಬೆಳಕು ಹರಿದಿತ್ತು. ಬಾಗಿಲು ಬರಿದಾಗಿತ್ತು. ಗೋಡೆಗೊರಗಿ ಮಲಗಿದ್ದ ಕೊಡೆಯವನು ಎದ್ದು, ಏನೂ ತಿಳಿಯದವನಂತೆ ಸುತ್ತ ನೋಡುತ್ತಿದ್ದ. ರಾತ್ರಿಯಿಡೀ ದೆವ್ವವನ್ನು ಎದುರಿಸಿದ ಸನ್ಯಾಸಿ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಮಹಾ ಉಪದೇಶವೊಂದು ಬರಬಹುದೆಂದು ಮಾವನವರು ಕಾಗದ ನೋಡಿದರು. ಅಲ್ಲಿದ್ದದ್ದು ಒಂದೇ ಸಾಲು.

"ಅಪ್ಪಾ, ಕುಡಿಯೋಕೆ ಒಂದಿಷ್ಟು ನೀರು ಕೊಡ್ತೀಯಾ?" ಎಂದರು ಮೈಕಿನ ಮಾವ.

ಅದು ಮೊದಲ ಸಲಕ್ಕೇ ಸರಿಹೋಯಿತು.